ಬೀಗ ಹಾಕಿದ ಕೋಣೆ, ಒಂಬತ್ತು ದಾಖಲೆ, ನಾಲ್ಕು ಸಾವಿರ ರೂಪಾಯಿ

2021ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ನಮ್ಮ ಕಾಲೇಜಿನಲ್ಲಿ ಒಂದು ಸಣ್ಣ ತುರ್ತು ನಿಧಿ ಮಾಡಿದ್ದೆವು. ಹಳೆ ವಿದ್ಯಾರ್ಥಿಗಳು ಕೈಲಾದಷ್ಟು ಹಾಕಿದರು. ನಾವು ಮಾಸ್ತರುಗಳು ಒಂದೊಂದು ದಿನದ ಸಂಬಳ ಕೊಟ್ಟೆವು. ಕಷ್ಟದಲ್ಲಿರುವ ವಿದ್ಯಾರ್ಥಿಗೆ ಹೆಚ್ಚೆಂದರೆ 4000 ರೂಪಾಯಿ, ಒಂದೇ ಸಲ, ವಾಪಸ್ ಕೊಡಬೇಕಿಲ್ಲ. ನೋಡಿಕೊಳ್ಳಲು ಮೂವರ ಸಮಿತಿ: ನಾನು, ವಾಣಿಜ್ಯ ವಿಭಾಗದ ಮೇಡಂ, ಇನ್ನೊಬ್ಬರು ನಮ್ಮದೇ ಹಳೆ ವಿದ್ಯಾರ್ಥಿ, ನಿವೃತ್ತ ಬ್ಯಾಂಕ್ ಅಧಿಕಾರಿ. ಅವರನ್ನು ನಾವೆಲ್ಲ ಬ್ಯಾಂಕ್ ಕಾಕಾ ಅಂತಲೇ ಕರೆಯುವುದು.

ಇಲ್ಲಿ ಬರೆಯುತ್ತಿರುವುದು ಆ ನಿಧಿಯ ಒಂದೇ ಒಂದು ಅರ್ಜಿಯ ಬಗ್ಗೆ. ದುಡ್ಡು ತಲುಪಿತು. ಆದರೆ ಅರ್ಜಿ ಬಂದದ್ದು ಜೂನ್ 3ಕ್ಕೆ, ದುಡ್ಡು ಕೈಗೆ ಸಿಕ್ಕಿದ್ದು ಜುಲೈ 5ಕ್ಕೆ. 32 ದಿನ. ನಾವು ಆ ನಿಧಿಗೆ ಇಟ್ಟ ಹೆಸರಿನಲ್ಲಿ 'ತುರ್ತು' ಅನ್ನುವ ಪದ ಇತ್ತು.

ಹುಡುಗಿ ಬಿ.ಕಾಂ. ನಾಲ್ಕನೇ ಸೆಮಿಸ್ಟರ್. ಊರು ಗದಗ-ಬೆಟಗೇರಿಯ ಬೆಟಗೇರಿ. ಅಪ್ಪ ಕೂಲಿ ನೇಕಾರ. ಅಂದರೆ ಮಗ್ಗ ಇನ್ನೊಬ್ಬರದು, ನೂಲು ಇನ್ನೊಬ್ಬರದು, ಕೈ ಮಾತ್ರ ಇವರದು. ಸೀರೆ ಇಳಿದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಏಪ್ರಿಲ್-ಮೇ ಅಂದರೆ ಮದುವೆಯ ಸುಗ್ಗಿ. ಆ ವರ್ಷ ಲಾಕ್‌ಡೌನ್ ಬಂದು ಮದುವೆಗೆ ಇಷ್ಟೇ ಜನ ಅಂತ ಮಿತಿ ಬಿತ್ತು, ಬಟ್ಟೆ ಅಂಗಡಿಗಳು ಮುಚ್ಚಿದವು. ಸೀರೆ ಕೊಳ್ಳುವವರಿಲ್ಲ ಅಂದಮೇಲೆ ಮಗ್ಗದ ಮಾಲೀಕರು ನೂಲು ಕೊಡುವುದನ್ನು ನಿಲ್ಲಿಸಿದರು. ಅವರನ್ನೂ ಬೈಯುವ ಹಾಗಿಲ್ಲ. ನೇಯ್ದ ಸೀರೆಗಳು ಅವರ ಮನೆಯಲ್ಲೇ ಅಟ್ಟಿ ಬಿದ್ದಿದ್ದವು.

ಹುಡುಗಿ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಒಂದು ಕೋಣೆ ಹಿಡಿದಿದ್ದಳು. ಬಾಡಿಗೆ ತಿಂಗಳಿಗೆ 2800. ಜೊತೆಗೆ ಹಾನಗಲ್ ಕಡೆಯ ಇನ್ನೊಬ್ಬ ಹುಡುಗಿ, ಹೀಗಾಗಿ ತಲಾ 1400. ಏಪ್ರಿಲ್ 27ರ ರಾತ್ರಿಯಿಂದ 14 ದಿನ ಎಲ್ಲ ಬಂದ್ ಅಂತ ಸರ್ಕಾರ ಹೇಳಿದಾಗ ಇಬ್ಬರೂ ಒಂದೊಂದು ಬ್ಯಾಗಿನಲ್ಲಿ ನಾಲ್ಕು ಜೊತೆ ಬಟ್ಟೆ ತುಂಬಿಕೊಂಡು ಊರಿಗೆ ಹೋದರು. 14 ದಿನಕ್ಕೆ ಎಷ್ಟು ಬೇಕೋ ಅಷ್ಟೇ. ಪುಸ್ತಕ, ನೋಟ್ಸು, ಮಾರ್ಕ್ಸ್‌ಕಾರ್ಡು, ಸರ್ಟಿಫಿಕೇಟುಗಳು ಎಲ್ಲ ಟ್ರಂಕಿನಲ್ಲಿ, ಟ್ರಂಕು ಕೋಣೆಯಲ್ಲಿ.

14 ದಿನ ಮುಗಿಯುವ ಹೊತ್ತಿಗೆ, ಮೇ 10ರಿಂದ, ಇನ್ನೂ ಬಿಗಿ ಲಾಕ್‌ಡೌನ್ ಬಂತು. ಅದು ಎರಡು ಸಲ ಮುಂದಕ್ಕೆ ಹೋಗಿ ಜೂನ್ 14ಕ್ಕೆ ನಮ್ಮ ಕಡೆ ಸಡಿಲವಾಯಿತು. ಅಷ್ಟರಲ್ಲಿ ಹಾನಗಲ್ ಕಡೆಯ ಹುಡುಗಿಗೆ ಮದುವೆಯಾಗಿತ್ತು. ಖರ್ಚು ಕಮ್ಮಿ ಅಂತ ಆ ಎರಡು ವರ್ಷ ಎಷ್ಟು ಹುಡುಗಿಯರ ಮದುವೆ ಹೀಗೆ ಮುಗಿದು ಹೋದವೋ! ಅದನ್ನೇ ಬೇರೆ ಬರೆಯಬೇಕು. ಇಲ್ಲಿಗೆ ಸಂಬಂಧಪಟ್ಟದ್ದು ಇಷ್ಟು: ಅವಳು ಓದು ಬಿಟ್ಟಳು, ಅವಳ ಪಾಲಿನ ಬಾಡಿಗೆಯೂ ನಿಂತಿತು. ಮೇ ಮತ್ತು ಜೂನ್ ಸೇರಿ 5600 ರೂಪಾಯಿ ಬಾಕಿ ಪೂರ್ತಿ ಬೆಟಗೇರಿಯ ಹುಡುಗಿಯ ತಲೆ ಮೇಲೆ ಬಂತು. ಡಿಪಾಸಿಟ್ ಅಂತ ಕೊಟ್ಟಿದ್ದ ಒಂದು ತಿಂಗಳ ಹಣ ಮಾರ್ಚ್ ಬಾಡಿಗೆಗೇ ಮುರಿದಾಗಿತ್ತು. ಮನೆ ಮಾಲಕಿ ಕೋಣೆಗೆ ತಮ್ಮದೊಂದು ಬೀಗ ಹಾಕಿದರು.

ನಮ್ಮ ಅರ್ಜಿ

ಈಗ ನಮ್ಮ ಕಡೆಯ ಕಥೆ. ನಿಧಿ ಮಾಡಿದ ದಿನವೇ ಅರ್ಜಿಯ ನಮೂನೆ ಬೇಕು ಅಂತಾಯಿತು. ನಾನೇ ಬರೆದೆ. ಕಾಲೇಜಿನ ಹಳೆ ಸ್ಕಾಲರ್‌ಶಿಪ್ ಅರ್ಜಿಯೊಂದನ್ನು ಎದುರಿಗೆ ಇಟ್ಟುಕೊಂಡು, ಅಲ್ಲಲ್ಲಿ 'ಕೋವಿಡ್' ಅಂತ ಸೇರಿಸಿದೆ. ಅರ್ಧ ಗಂಟೆಯ ಕೆಲಸ. ಜೊತೆಗೆ ಲಗತ್ತಿಸಬೇಕಾದದ್ದು: ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ಹಿಂದಿನ ಸೆಮಿಸ್ಟರಿನ ಮಾರ್ಕ್ಸ್‌ಕಾರ್ಡು, ಫೀ ಕಟ್ಟಿದ ರಸೀದಿ, ಪಾಲಕರ ಘೋಷಣೆ, ಫೋಟೊ, ವಿಭಾಗದ ಮುಖ್ಯಸ್ಥರ ಸಹಿ. ಒಟ್ಟು ಒಂಬತ್ತು. ಲಾಕ್‌ಡೌನಿನಲ್ಲಿ ವಿಭಾಗದ ಮುಖ್ಯಸ್ಥರ ಸಹಿ! ಅವರೇ ಸವದತ್ತಿಯಲ್ಲಿ ಮಾವನ ಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಬರೆಯುವಾಗ ನನಗೆ ಇದು ಹೊಳೆಯಲೇ ಇಲ್ಲ.

ಜೂನ್ 3ರಂದು ಆ ಹುಡುಗಿಯ ಅರ್ಜಿ ವಾಟ್ಸಾಪಿನಲ್ಲಿ ಬಂತು. ನಮೂನೆಯನ್ನು ಪ್ರಿಂಟ್ ತೆಗೆಯಲು ಅಂಗಡಿ ಎಲ್ಲಿ ತೆರೆದಿತ್ತು? ನೋಟ್‌ಬುಕ್ಕಿನ ಹಾಳೆಯಲ್ಲಿ ಗೆರೆ ಹೊಡೆದು, ನಮ್ಮ ಕಾಲಂಗಳನ್ನೆಲ್ಲ ಕೈಯಲ್ಲೇ ಬರೆದು, ತುಂಬಿ, ಫೋಟೊ ಹೊಡೆದು ಕಳಿಸಿದ್ದಳು. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಇದ್ದವು. ಆದಾಯ ಪ್ರಮಾಣಪತ್ರ ಇಲ್ಲ, ಮಾರ್ಕ್ಸ್‌ಕಾರ್ಡು ಇಲ್ಲ, ರಸೀದಿ ಇಲ್ಲ. 'ನೆರವು ಕೇಳಲು ಕಾರಣ' ಅನ್ನುವಲ್ಲಿ ಎರಡೇ ಪದ: 'ರೂಮಿನ ಬಾಕಿ.'

ನಾವು ಅದನ್ನು 'ಅಪೂರ್ಣ' ಅನ್ನುವ ಕಟ್ಟಿಗೆ ಹಾಕಿದೆವು. 'ಉಳಿದ ದಾಖಲೆ ಕಳುಹಿಸಿ' ಅಂತ ಒಂದು ಮೆಸೇಜು. ಅದಕ್ಕೆ ಒಂದೇ ಟಿಕ್ ಬಂತು, ಎರಡನೆಯದು ಬರಲಿಲ್ಲ.

ಗಂಟು ನೋಡಿ. ದುಡ್ಡು ಬೇಕಾದರೆ ಸರ್ಟಿಫಿಕೇಟು ಕೊಡಬೇಕು. ಸರ್ಟಿಫಿಕೇಟು ಟ್ರಂಕಿನಲ್ಲಿದೆ. ಟ್ರಂಕಿನ ಕೋಣೆಗೆ ಬೀಗ ಬಿದ್ದಿದೆ. ಬೀಗ ತೆಗೆಯಬೇಕಾದರೆ ದುಡ್ಡು ಬೇಕು.

ಇದು ನಮಗೆ ಗೊತ್ತಾದದ್ದು ಜೂನ್ ಮೂರನೇ ವಾರದಲ್ಲಿ, ಅದೂ ಅಕಸ್ಮಾತ್ತಾಗಿ. ಮೇಡಂ ಆನ್‌ಲೈನ್ ಕ್ಲಾಸಿನ ಹಾಜರಿ ನೋಡುತ್ತಿದ್ದರು. ಈ ಹುಡುಗಿ ಎರಡು ವಾರದಿಂದ ಕಾಣುತ್ತಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಕೊನೆಗೆ ಗೆಳತಿಯೊಬ್ಬಳಿಂದ ಅವಳ ಅಪ್ಪನ ನಂಬರ್ ಹಿಡಿದು ಹುಡುಗಿಯ ಜೊತೆ ಮಾತಾಡಿದರು.

"ಮೇಡಂ, ಮೊಬೈಲಿಗೆ ರೊಕ್ಕ ಹಾಕ್ಸಿಲ್ರಿ. ತಮ್ಮಂದೂ ನಂದೂ ಒಂದ ಮೊಬೈಲ್ ಐತ್ರಿ. ಸರ್ಟಿಫಿಕೇಟ್ ಎಲ್ಲಾ ರೂಮಿನ್ಯಾಗ ಅದಾವ್ರಿ. ಅದಕ್ಕ ಸುಮ್ನಾದೆ."

28 ದಿನದ ರೀಚಾರ್ಜ್ ಆಗ 199 ರೂಪಾಯಿ. ಅಷ್ಟಕ್ಕೆ ಒಂದು ಹುಡುಗಿಯ ಕ್ಲಾಸೂ ನಿಂತಿತ್ತು, ನಮ್ಮ ಮೆಸೇಜೂ ನಿಂತಿತ್ತು.

ಅವಳಿಗೆ ಬೇರೆ ಸಹಾಯ ಏನೂ ಇರಲಿಲ್ವಾ ಅಂತ ಯಾರಾದರೂ ಕೇಳಬಹುದು. ಇತ್ತು. ಕೇಂದ್ರ ಸರ್ಕಾರ ಮೇ ತಿಂಗಳಿಂದ ರೇಷನ್ ಕಾರ್ಡಿನಲ್ಲಿ ತಲಾ 5 ಕಿಲೋ ಹೆಚ್ಚುವರಿ ಧಾನ್ಯ ಪುಕ್ಕಟೆ ಕೊಡುತ್ತಿತ್ತು. ಮನೆಯಲ್ಲಿ ಹಸಿದು ಮಲಗುವ ಸ್ಥಿತಿ ಇರಲಿಲ್ಲ. ಇಲ್ಲದ್ದು ರೊಕ್ಕ. ಅಕ್ಕಿಯಿಂದ ಬಾಡಿಗೆ ಕಟ್ಟಲು ಬರುವುದಿಲ್ಲ. ರಾಜ್ಯ ಸರ್ಕಾರ 2020ರ ಮೇನಲ್ಲಿ 1610 ಕೋಟಿಯ ಪ್ಯಾಕೇಜ್ ತಂದಿತ್ತು. ಅದರಲ್ಲಿ ಕ್ಷೌರಿಕರು, ಅಗಸರು, ಆಟೋ-ಟ್ಯಾಕ್ಸಿ ಓಡಿಸುವವರಿಗೆ 5000 ರೂಪಾಯಿ, ಕೈಮಗ್ಗದ ನೇಕಾರರಿಗೆ ವರ್ಷಕ್ಕೆ 2000. ಎರಡನೇ ಅಲೆಯಲ್ಲಿ, 2021ರ ಮೇ 19ಕ್ಕೆ, 1250 ಕೋಟಿಯ ಇನ್ನೊಂದು ಪ್ಯಾಕೇಜ್. ಈ ಪಟ್ಟಿಗಳು ಕಸುಬು ನೋಡಿ ಮಾಡಿದವು. ಕಾಲೇಜು ಕಲಿಯುವುದು ಯಾವ ಕಸುಬು? ಇನ್ನು ವಿದ್ಯಾಸಿರಿ ಇತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ತಿಂಗಳಿಗೆ 1500ರಂತೆ 10 ತಿಂಗಳಿಗೆ 15,000. ಅವಳು ಅರ್ಜಿ ಹಾಕಿದ್ದಳು. ಒಳ್ಳೆಯ ಯೋಜನೆ, ಎಷ್ಟೋ ಮಕ್ಕಳು ಅದರಿಂದಲೇ ಡಿಗ್ರಿ ಮುಗಿಸಿದ್ದಾರೆ. ಆದರೆ ಅದು ವರ್ಷದ ಲೆಕ್ಕದಲ್ಲಿ ಬರುವ ಹಣ. ಮನೆ ಮಾಲಕಿ ಕೇಳುತ್ತಿದ್ದದ್ದು ತಿಂಗಳ ಲೆಕ್ಕ.

ಇಂಥ ಸಂದಿಗಾಗಿಯೇ ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಅಂತಲೇ ದುಡ್ಡು ತೆಗೆದಿಟ್ಟರು. 2020ರ ಮಾರ್ಚ್ 27ರ ಕೇರ್ಸ್ ಅನ್ನುವ ಕೋವಿಡ್ ಪರಿಹಾರ ಕಾಯ್ದೆಯಲ್ಲಿ ಕಾಲೇಜುಗಳಿಗೆ ಸುಮಾರು 1400 ಕೋಟಿ ಡಾಲರ್. ಕಾಲೇಜಿನ ಪಾಲಿಗೆ ಬಂದದ್ದರಲ್ಲಿ ಕನಿಷ್ಠ ಅರ್ಧ ನೇರ ವಿದ್ಯಾರ್ಥಿಗಳ ಕೈಗೆ ಹೋಗಬೇಕು ಅನ್ನುವ ಶರತ್ತು. ಮುಂದೆ ಇನ್ನೆರಡು ಕಂತು ಸೇರಿ ಒಟ್ಟು ಸುಮಾರು 7600 ಕೋಟಿ ಡಾಲರ್ ಆಯಿತು. ಊಟ, ಮನೆ ಬಾಡಿಗೆ, ಪುಸ್ತಕ, ಕಂಪ್ಯೂಟರ್, ಔಷಧ, ಮಗು ನೋಡಿಕೊಳ್ಳುವ ಖರ್ಚು ಎಲ್ಲ ನಡೆಯುತ್ತಿತ್ತು. ಅಲ್ಲಿಯೂ ಮೊದಲು 'ಯಾರು ಅರ್ಹರು' ಅನ್ನುವ ಪ್ರಶ್ನೆಯೇ ಎದ್ದಿತು. ಸರ್ಕಾರಿ ವಿದ್ಯಾರ್ಥಿ ನೆರವಿಗೆ ಅರ್ಹತೆ ಇದ್ದವರಿಗೆ ಮಾತ್ರ ಅಂದರು. 2021ರಲ್ಲಿ ಆ ಕಟ್ಟು ಸಡಿಲಿಸಿದರು. ಅಷ್ಟು ದುಡ್ಡಿನ ದೇಶವೂ ಮೊದಲ ಸಲ ಅರ್ಜಿಯಲ್ಲೇ ಎಡವಿತ್ತು ಅಂತ ಆಮೇಲೆ ಓದಿದಾಗ ನನಗೆ ಸ್ವಲ್ಪ ಸಮಾಧಾನ ಆದದ್ದು ಸುಳ್ಳಲ್ಲ.

ಬಾಡಿಗೆ ಓದಿನ ಖರ್ಚಾ?

ಮೇಡಂ ವಿಷಯ ತಂದ ಮೇಲೆ ಸಮಿತಿಯಲ್ಲಿ ದೊಡ್ಡ ಚರ್ಚೆ. ಬ್ಯಾಂಕ್ ಕಾಕಾನ ತಕರಾರು ಎರಡು. ಒಂದು, ಹುಡುಗಿ ಊರಲ್ಲಿದ್ದಾಳೆ, ಕೋಣೆ ಖಾಲಿ ಇದೆ, ಖಾಲಿ ಕೋಣೆಗೆ ನಾವ್ಯಾಕೆ ಬಾಡಿಗೆ ಕಟ್ಟಬೇಕು? ಎರಡು, ಆದಾಯದ ಪುರಾವೆ ಇಲ್ಲ. "ನಾಳೆ ಯಾರರೇ ಕೇಳಿದ್ರ ಏನ್ ತೋರ್ಸೂದು?" ಮೊದಲನೆಯದಕ್ಕೆ ಮೇಡಂ ಹತ್ತಿರ ಉತ್ತರ ಇತ್ತು. ಕೋಣೆಯಲ್ಲಿ ಹುಡುಗಿ ಇಲ್ಲ, ಅವಳ ಓದು ಇದೆ. ಪುಸ್ತಕ ಇಲ್ಲದೆ ಅವಳು ಸೆಮಿಸ್ಟರ್ ಮುಗಿಸುವುದು ಹೇಗೆ?

ಎರಡನೆಯದಕ್ಕೆ ಉತ್ತರ ಕೊಟ್ಟವರು ನಮ್ಮ ಆಫೀಸಿನ ಗುಮಾಸ್ತರು. ಚರ್ಚೆ ನಡೆಯುತ್ತಿದ್ದಾಗ ಚಹಾ ತಂದಿದ್ದರು. "ಇನ್‌ಕಮ್ ಸರ್ಟಿಫಿಕೇಟ್ ಏನ್ರಿ? ಸ್ಕಾಲರ್‌ಶಿಪ್ ಫೈಲಿನ್ಯಾಗ ಐತಲ್ರಿ ಸರ. ಹೋದ ವರ್ಷ ಕೊಟ್ಟಾಳ." ಎದ್ದು ಹೋಗಿ ತಂದರು. ಆದಾಯ ಪ್ರಮಾಣಪತ್ರದ ಝೆರಾಕ್ಸ್, ಅದರ ಮೇಲಿನ ಆರ್‌ಡಿ ನಂಬರ್, ಅಂದರೆ ಪ್ರಮಾಣಪತ್ರದ ಗುರುತಿನ ಸಂಖ್ಯೆ ಸಮೇತ. ಆ ನಂಬರ್ ಹಾಕಿದರೆ ನಾಡಕಚೇರಿಯ ವೆಬ್‌ಸೈಟಿನಲ್ಲಿ ಎರಡು ನಿಮಿಷದಲ್ಲಿ ಅಸಲಿ ಹೌದೋ ಅಲ್ಲವೋ ನೋಡಬಹುದು. ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಮಾರ್ಕ್ಸ್‌ಕಾರ್ಡಿನ ಪ್ರತಿ ಅದೇ ಫೈಲಿನಲ್ಲಿ. ಫೀ ರಸೀದಿಯ ಪ್ರತಿ ಲೆಕ್ಕದ ವಿಭಾಗದಲ್ಲಿ. ಅವಳಿಂದ ನಾವು ಕೇಳಿದ್ದ ಕಾಗದಗಳು ನಾವು ಕೂತ ಕೋಣೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದವು. ಅವಳು 60 ಕಿಲೋಮೀಟರ್ ದೂರದಲ್ಲಿದ್ದಳು.

ಯಾರೂ ಏನೂ ಮಾತಾಡಲಿಲ್ಲ. ಚಹಾ ಕುಡಿದೆವು.

ಬ್ಯಾಂಕ್ ಕಾಕಾ ಮೂಲತಃ ಗದಗಿನ ಕಡೆಯವರು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದಲ್ಲೇ ಮೊದಲನೆಯದು ಅನ್ನುವುದು ಅವರ ಪ್ರೀತಿಯ ವಿಷಯ. ಅವತ್ತೂ ಅದನ್ನೇ ತೆಗೆದರು. ಆ ಕಾಲದ ಹಳ್ಳಿ ಸಂಘಗಳಲ್ಲಿ ಒಬ್ಬ ಸಾಲ ಮುಳುಗಿಸಿದರೆ ಎಲ್ಲ ಸದಸ್ಯರೂ ಹೊಣೆ. ಹೀಗಾಗಿ ಯಾರ ಮನೆ ಸ್ಥಿತಿ ಏನು ಅಂತ ಊರಿನವರಿಗೇ ಗೊತ್ತಿರಬೇಕಿತ್ತು. "ನಾವೂ ಹಂಗ ಮಾಡೂಣು. ಕಾಗದ ಬ್ಯಾಡ. ಹುಡುಗಿನ್ನ ಬಲ್ಲವರೊಬ್ಬರನ್ನ ಕೇಳೂಣು." ಇಷ್ಟು ಹೊತ್ತು ಪುರಾವೆ ಕೇಳಿದವರೂ ಇವರೇ. ಆದರೆ ಮಾತು ಸರಿಯಿತ್ತು. ಆ ಹುಡುಗಿಗೆ ಪಾಠ ಮಾಡಿದ ಮೇಡಂ ಎದುರಿಗೇ ಕೂತಿದ್ದರು. ಇನ್ನೊಬ್ಬ ಸಾಕ್ಷಿ ಯಾಕೆ? ಜೂನ್ 30ಕ್ಕೆ ಪೂರ್ತಿ 4000 ಮಂಜೂರಾಯಿತು.

ಮುಂದಿನ ಜಗಳ: ದುಡ್ಡು ಯಾರ ಕೈಗೆ? ಕಾಕಾ ಅಂದರು, ನೇರ ಮನೆ ಮಾಲಕಿಗೆ ಹಾಕೋಣ, ರಸೀದಿ ಸಿಗುತ್ತದೆ. ಮೇಡಂ ಒಪ್ಪಲಿಲ್ಲ. ಹುಡುಗಿಯ ಖಾತೆಗೇ ಹೋಗಬೇಕು, ಅವಳೇ ತನ್ನ ಕೈಯಿಂದ ಕೊಡಬೇಕು. ಅಮೆರಿಕದ ಆ ನಿಧಿಯಲ್ಲೂ ಇಂಥದೇ ನಿಯಮ ಇತ್ತಂತೆ: ವಿದ್ಯಾರ್ಥಿ ಒಪ್ಪದೆ ಕಾಲೇಜು ಆ ಹಣವನ್ನು ತನ್ನ ಹಳೆ ಬಾಕಿಗೆ ಮುರಿದುಕೊಳ್ಳುವಂತಿಲ್ಲ. ನಮಗೆ ಅದೆಲ್ಲ ಆಗ ಗೊತ್ತಿರಲಿಲ್ಲ. ಮೇಡಂ ಹೇಳಿದ್ದು ಇಷ್ಟೇ: "ನಾಳೆ ಆ ಮನ್ಯಾಗ ಇರಾಕಿ ಅಕಿ. ನಾವಲ್ಲ."

ಇಲ್ಲಿ ನನ್ನ ತಪ್ಪೊಂದು ಬರೆಯಬೇಕು. ಈ ಮಾತು ಮುಗಿಯುವ ಮೊದಲೇ ನಾನು ಮನೆ ಮಾಲಕಿಗೆ ಫೋನ್ ಮಾಡಿಬಿಟ್ಟಿದ್ದೆ. ಒಳ್ಳೆಯದೇ ಆಗಲಿ ಅಂತ. ಸ್ವಲ್ಪ ಕಮ್ಮಿ ಮಾಡಿ ಅಂತ ಕೇಳಲು. ಅವರು ಒರಟಾಗಿ ಮಾತಾಡಲಿಲ್ಲ. "ನಂದೂ ಆ ಬಾಡಗಿ ಮ್ಯಾಲೇ ನಡೀತೈತ್ರಿ ಸರ. ನಮ್ಮನಿಯವರು ತೀರಿ ಆರ ವರ್ಷಾತು. ಬಿಪಿ ಗುಳಗಿ ಅದರಾಗ, ಗ್ಯಾಸ್ ಅದರಾಗ. ಎರಡ ತಿಂಗಳ ಯಾರೂ ಹಾಯ್ದಿಲ್ಲ ಈ ಕಡೆ. ಬೀಗ ಹಾಕ್ದೆ ಇನ್ನೇನ್ ಮಾಡ್ಲಿ?" ಬಾಡಿಗೆ ಬಿಡಿ ಅಂತ ಕೇಳಲು ಹೋದ ನನಗೆ ಬಾಯಿ ಬರಲಿಲ್ಲ. ಅವರಿಗೂ ಯಾವ ಪ್ಯಾಕೇಜಿನಲ್ಲೂ ಹೆಸರಿರಲಿಲ್ಲ.

ಆದರೆ ಫೋನ್ ಮಾಡಿದ್ದು ತಪ್ಪೇ. ಹುಡುಗಿಗೆ ಅದು ಗೊತ್ತಾಯಿತು. ಮೇಡಂ ಹತ್ತಿರ ಅಂದಳಂತೆ: "ಸರ್ ಆಂಟಿಗೆ ಯಾಕ್ ಫೋನ್ ಮಾಡಿದ್ರಿ? ಕಾಲೇಜಿನವ್ರ ರೊಕ್ಕ ಕೊಡತಾರಂತ ಅಂತ ಓಣಿಗೆಲ್ಲ ಗೊತ್ತಾಗ್ತೈತಿ." ನನ್ನ ಹತ್ತಿರ ಏನೂ ಅನ್ನಲಿಲ್ಲ. ಅದು ಇನ್ನೂ ಜಾಸ್ತಿ ನಾಟಿತು.

ವಾಪಸ್ ಬಂದ ನಾಲ್ಕು ಸಾವಿರ

ಮಂಜೂರಾದವರ ಪಟ್ಟಿಯನ್ನು ನಿಧಿಯ ಖಾತೆ ಇದ್ದ ಶಾಖೆಗೆ ಕೊಟ್ಟೆವು. ಜುಲೈ 2ರ ಶುಕ್ರವಾರ ಎಲ್ಲರಿಗೂ ಹಣ ಹೋಯಿತು, ಇವಳದೊಂದು ವಾಪಸ್ ಬಂತು. ಕಾರಣ ಐಎಫ್‌ಎಸ್‌ಸಿ ಕೋಡ್, ಅಂದರೆ ಹಣ ಯಾವ ಬ್ಯಾಂಕಿನ ಯಾವ ಶಾಖೆಗೆ ಹೋಗಬೇಕು ಅಂತ ಹೇಳುವ ಗುರುತು. 2020ರ ಏಪ್ರಿಲ್ 1ರಂದು ಹತ್ತು ಸರ್ಕಾರಿ ಬ್ಯಾಂಕುಗಳು ಸೇರಿ ನಾಲ್ಕಾದವಲ್ಲ, ಅವಳ ಬ್ಯಾಂಕು ಅದರಲ್ಲಿ ಒಂದು. ಹಳೆ ಕೋಡ್ ಒಂದಷ್ಟು ದಿನ ನಡೆಯಿತು. 2021ರ ಜುಲೈ 1ರಿಂದ ನಿಂತಿತು. ಪಾಸ್‌ಬುಕ್ಕಿನಲ್ಲಿ ಇದ್ದದ್ದು ಹಳೆಯದೇ. ಒಂದು ದಿನದ ಅಂತರ! ಜೂನ್ 3ಕ್ಕೇ ಕೊಟ್ಟಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ.

ಅವಳಿಗೂ ಇದು ಗೊತ್ತಾಗಲು ದಾರಿ ಇರಲಿಲ್ಲ. ಸರ್ಕಾರದ ಸ್ಕಾಲರ್‌ಶಿಪ್ ಆಧಾರ್ ಮೂಲಕ ಬರುತ್ತದೆ. ಯಾವ ಖಾತೆಗೆ ಆಧಾರ್ ಜೋಡಿಸಿದೆಯೋ ಅಲ್ಲಿಗೆ ಹೋಗಿ ಬೀಳುತ್ತದೆ, ಕೋಡ್ ಬೇಕಾಗುವುದಿಲ್ಲ. ಹಾಗಾಗಿ ಅವಳು ಆ ಕೋಡನ್ನು ಯಾವತ್ತೂ ನೋಡಿಯೇ ಇರಲಿಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದ ಕಾಕಾ ನೋಡಬೇಕಿತ್ತು. ಅವರೇ ಅದನ್ನು ಹೇಳಿಕೊಂಡು ತಲೆ ಚಚ್ಚಿಕೊಂಡರು.

ಹೊಸ ಕೋಡ್ ಹುಡುಕಿ, ಮತ್ತೆ ಪತ್ರ ಬರೆದು, ಮತ್ತೆ ಮೂರು ಸಹಿ ಮಾಡಿ ಕಳಿಸುವುದಕ್ಕೆ ಇನ್ನೊಂದು ವಾರ. ಸೋಮವಾರ ಬೆಳಿಗ್ಗೆ ಮೇಡಂ ಅವಳಿಗೆ ಫೋನ್ ಮಾಡಿ ಕೇಳಿದರು: ಈಗಿಂದೀಗ ದುಡ್ಡು ನಿನ್ನ ಕೈಗೆ ಬರಬೇಕಾದರೆ ಹೇಗೆ ಕಳಿಸಲಿ? ಅವಳು ಒಂದು ನಿಮಿಷ ತೆಗೆದುಕೊಳ್ಳಲಿಲ್ಲ. ಓಣಿಯ ಕಿರಾಣಿ ಅಂಗಡಿಯವರ ಫೋನ್‌ಪೇ ನಂಬರ್ ಕೊಟ್ಟಳು. "ಅವ್ರಿಗೆ ಹಾಕ್ರಿ ಮೇಡಂ, ಅವ್ರು ನನಗ ಕ್ಯಾಶ್ ಕೊಡತಾರ. ಎಲ್ಲಾರೂ ಹಿಂಗ ಮಾಡತಾರ್ರಿ." ಬೆಟಗೇರಿಯಲ್ಲಿ ಪುಣೆ, ಗೋವಾಕ್ಕೆ ದುಡಿಯಲು ಹೋದವರು ಮನೆಗೆ ದುಡ್ಡು ಕಳಿಸುವುದು ಹೀಗೇ ಅಂತೆ. ನನ್ನ ಫೋನಿನಿಂದ 4000 ಕಳಿಸಿದೆ. ಹನ್ನೊಂದು ಗಂಟೆಗೆ ಹೋಯಿತು. ಹನ್ನೊಂದೂವರೆಗೆ ಅವಳ ಮೆಸೇಜು: 'ಬಂತು ಸರ್.' ಎರಡು ಟಿಕ್.

ಲೆಕ್ಕದ ಪುಸ್ತಕದಲ್ಲಿ ಇದನ್ನು ಹೇಗೆ ಬರೆಯುವುದು ಅಂತ ಕಾಕಾ ಮೂರು ದಿನ ಒದ್ದಾಡಿದರು. ವಿದ್ಯಾರ್ಥಿಯ ಹೆಸರಿಗೆ ಮಂಜೂರು, ಮಾಸ್ತರರ ಖಾತೆಯಿಂದ ಪಾವತಿ, ತಲುಪಿದ್ದು ಕಿರಾಣಿ ಅಂಗಡಿಗೆ. ಕೊನೆಗೆ ಹುಡುಗಿಯ ಕೈಬರಹದ ಒಂದು ಸಾಲಿನ ರಸೀದಿ ಅಂಟಿಸಿ ಸಹಿ ಹಾಕಿದರು. ಯಾರೂ ಇವತ್ತಿನ ತನಕ ಕೇಳಿಲ್ಲ.

ಜುಲೈ 8ಕ್ಕೆ ಅವಳು ಅಪ್ಪನ ಜೊತೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದಳು. ಮಾಲಕಿಗೆ 3500 ಕೊಟ್ಟಳು. ಉಳಿದ 2100 ವಿದ್ಯಾಸಿರಿ ಬಂದಾಗ ಅಂತ ಮಾತಾಯಿತು. ಜುಲೈ ಬಾಡಿಗೆ ವಾಪಸ್ ಬಂದು ಇರುವ ದಿನದಿಂದ ಹಿಡಿಯೋಣ ಅಂತ ಮಾಲಕಿಯೇ ಅಂದರಂತೆ. ನಾನು ಫೋನಿನಲ್ಲಿ ಕೇಳಲಾರದೆ ಬಿಟ್ಟದ್ದನ್ನು ಹುಡುಗಿ ಎದುರು ಕೂತು ಪಡೆದಳು. ಅಪ್ಪ ಒಂದು ಮಾತೂ ಆಡದೆ ಹೊಸ್ತಿಲಲ್ಲಿ ನಿಂತಿದ್ದರಂತೆ. ಕೋಣೆಗೆ ಮಳೆ ನೀರು ಇಳಿದಿತ್ತು. ಟ್ರಂಕಿನ ಕೆಳಗಿನ ಪುಸ್ತಕಗಳು ಉಬ್ಬಿ ಹಾಳೆ ಅಂಟಿಕೊಂಡಿದ್ದವು, ಕಾಸ್ಟ್ ಅಕೌಂಟ್ಸ್ ಪುಸ್ತಕ ಪೂರ್ತಿ ಹಾಳು. ಮಾರ್ಕ್ಸ್‌ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಳು, ಉಳಿದವು. ಮಿಕ್ಕ 500ರಲ್ಲಿ 199 ಮೊಬೈಲಿಗೆ, ಉಳಿದದ್ದು ಬಸ್ಸಿಗೆ.

ಜುಲೈ 26ಕ್ಕೆ ಕಾಲೇಜು ತೆರೆಯಿತು. ಒಂದು ಡೋಸಾದರೂ ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ ಪ್ರವೇಶ. ಅವಳು ಮೊದಲ ದಿನವೇ ಬಂದಿದ್ದಳು. ಎರಡು ದಿನದ ಮೇಲೆ, ಜುಲೈ 28ಕ್ಕೆ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿ ಅವತ್ತೇ ರೈತ ವಿದ್ಯಾನಿಧಿ ಘೋಷಿಸಿದರು. ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾವಿಯ ಶಾಸಕರು ಅಂತ ಸ್ಟಾಫ್ ರೂಮಿನಲ್ಲಿ ಖುಷಿಯೂ ಇತ್ತು. ಡಿಗ್ರಿ ಓದುವ ರೈತರ ಮಕ್ಕಳಿಗೆ ಹುಡುಗರಿಗಾದರೆ 5000, ಹುಡುಗಿಯರಿಗೆ 5500. ಈ ಹುಡುಗಿ ಬಂದು ಕೇಳಿದಳು, "ಸರ್, ನೇಕಾರರಿಗೆ ಇಲ್ಲೇನ್ರಿ?" ಆಗ ಇರಲಿಲ್ಲ. ನೇಕಾರರ ಮಕ್ಕಳನ್ನು ಅದಕ್ಕೆ ಸೇರಿಸಿದ್ದು 2022ರಲ್ಲಿ.

ಹೊಸ ನಮೂನೆ

ಆಗಸ್ಟಿನಲ್ಲಿ ನಿಧಿಗೆ ಇನ್ನಷ್ಟು ಹಣ ಬಂದಾಗ ಅರ್ಜಿಯನ್ನು ಹೊಸದಾಗಿ ಬರೆದೆವು. ಲಗತ್ತು ಒಂದೂ ಇಲ್ಲ. ಹೆಸರು, ಕ್ಲಾಸು, ತಂದೆಯ ಉದ್ಯೋಗ, ಎಷ್ಟು ಬೇಕು, ಯಾವ ದಿನದೊಳಗೆ ಬೇಕು, ಏತಕ್ಕೆ ಬೇಕು, ದುಡ್ಡು ಇವತ್ತೇ ಯಾವ ನಂಬರಿಗೆ ಕಳಿಸಿದರೆ ಕೈಗೆ ಬರುತ್ತದೆ. ಏಳು ಸಾಲು, ವಾಟ್ಸಾಪಿನಲ್ಲೇ ಬರೆದು ಕಳಿಸಬಹುದು. ಕಾಗದ ಏನು ಬೇಕೋ ನಾವೇ ಆಫೀಸಿನಲ್ಲಿ ಹುಡುಕುವುದು. ಮೂವರಲ್ಲಿ ಇಬ್ಬರು ಹೂಂ ಅಂದರೆ ಎರಡು ದಿನದಲ್ಲಿ ಪಾವತಿ. ಸುಳ್ಳು ಹೇಳಿ ತೆಗೆದುಕೊಳ್ಳುವವರು ಬರುವುದಿಲ್ವಾ ಅಂತ ಕಾಕಾ ಕೇಳಿದರು. ಬರಬಹುದು ಅಂದೆವು. 4000 ರೂಪಾಯಿ ಉಳಿಸಲು ಹೋಗಿ 32 ದಿನ ಕಳೆಯುವುದಕ್ಕಿಂತ ಅದು ಅಗ್ಗ ಅನ್ನುವುದು ನನ್ನ ಲೆಕ್ಕ. ಕಾಕಾ ಈಗಲೂ ಪೂರ್ತಿ ಒಪ್ಪಿಲ್ಲ.

ಅಂತಿಮ ಮಾಡುವ ಮೊದಲು ಮೇಡಂ ಆ ಹುಡುಗಿಯನ್ನು ಕರೆದು ನಮೂನೆ ತೋರಿಸಿದರು. ಅವಳು ನಿಂತೇ ಓದಿದಳು. ಪೆನ್ನು ಕೇಳಿದಳು. 'ತಂದೆಯ ಉದ್ಯೋಗ' ಅನ್ನುವ ಸಾಲಿನ ಮೇಲೆ ಗೆರೆ ಎಳೆದಳು. "ಇದನ್ನ ಹೆಂಗೂ ಎಲ್ಲಾ ಫಾರ್ಮಿನ್ಯಾಗ ಬರದಿರತೇವ್ರಿ." ಆಮೇಲೆ ಕೆಳಗೆ ತಾನೇ ಒಂದು ಸಾಲು ಸೇರಿಸಿದಳು: 'ಯಾವ ಹೊತ್ತಿಗೆ ಫೋನ್ ಮಾಡಿದರೆ ಸಿಗುತ್ತೀರಿ?' ಸಂಜೆ ಆರರ ಮೇಲೆ ಮೊಬೈಲು ಅವಳ ತಮ್ಮನ ಹತ್ತಿರ ಇರುತ್ತಿತ್ತು.